ಧಾರೆಯ ಹೊತ್ತು, ರೈಲಿನ ಹೊತ್ತು

ಐವತ್ತರ ದಶಕದ ಆರಂಭದಲ್ಲಿ ಮುಂಬಯಿಗೆ ಎರಡು ಟೈಮುಗಳಿದ್ದವು. ರೈಲು ದೇಶದ ಸ್ಟ್ಯಾಂಡರ್ಡ್ ಟೈಮಿನಲ್ಲಿ ಓಡುತ್ತಿತ್ತು. ಊರಿನ ಅನೇಕ ಗಡಿಯಾರಗಳು ಹಳೆಯ ಬಾಂಬೆ ಟೈಮನ್ನು ಇನ್ನೂ ಬಿಟ್ಟಿರಲಿಲ್ಲ. ಅದು ಸುಮಾರು ನಲವತ್ತು ನಿಮಿಷ ಹಿಂದೆ. ಫೋರ್ಟಿನಲ್ಲಿ ನಾನು ಅಡುಗೆ ಮಾಡುತ್ತಿದ್ದ ಹೋಟೆಲಿನ ಗಡಿಯಾರವೂ ಅಂಥದ್ದೇ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಈ ಕೂಡಿಸುವ ಕಳೆಯುವ ಲೆಕ್ಕದಲ್ಲಿ ನಾನು ಯಾರಿಗೂ ಸೋತವನಲ್ಲ. ದಣಿವಾಗುತ್ತಿತ್ತು, ಅಷ್ಟೆ. ಎಲ್ಲಿಗೆ ಹೊರಟರೂ ಮೊದಲು ಕೇಳಬೇಕು: ಯಾವ ಟೈಮು?

ತಂಗಿಯ ಮದುವೆ ಘಾಟ್ಕೋಪರ್‌ನಲ್ಲಿ, ಸೋದರಮಾವನ ಚಾಳಿನ ಅಂಗಳದಲ್ಲಿ. ಅಪ್ಪ ತೀರಿಹೋಗಿದ್ದರು. ಧಾರೆ ಎರೆದು ಕೊಡಬೇಕಾದವನು ನಾನು. ಅವಳನ್ನು ಸಾಕಿದ್ದೂ ನಾನೇ. ಹಿಂದಿನ ದಿನವೇ ಮಾವನನ್ನು ಕೇಳಿದ್ದೆ.

"ಮುಹೂರ್ತ ಹನ್ನೊಂದೂವರೆ ಅಂದ್ರೆ ಯಾವ ಟೈಮು ಮಾವ?"

"ಬಾಂಬೆ ಟೈಮು. ನಮ್ಮ ಭಟ್ರು ರೈಲಿನ ಟೈಮು ಹೇಳಿದ್ದು ಉಂಟಾ ಮಾರಾಯ? ಅವರೇನು ಗಾರ್ಡಾ?"

ಇಡೀ ದಿನದ ರಜೆಗಾಗಿ ಧಣಿಯ ಮುಂದೆ ಕೈಕಟ್ಟಿ ನಿಲ್ಲುವುದು ನನಗೆ ಒಗ್ಗದ ಕೆಲಸ. ನಸುಕಿನಿಂದ ಇಡ್ಲಿ, ಸಾಂಬಾರು ಬೇಯಿಸಿ, ಬೆಳಗಿನ ಗಿರಾಕಿಗಳನ್ನು ದಾಟಿಸಿ, ಮಿಂದು, ಬೋರಿಬಂದರಿನಲ್ಲಿ ಲೋಕಲ್ ಹತ್ತಿದೆ. ಕಾಲು ಸೆಳೆಯುತ್ತಿತ್ತು. ಘಾಟ್ಕೋಪರ್‌ನಲ್ಲಿ ಇಳಿದಾಗ ಸ್ಟೇಷನ್ ಗಡಿಯಾರ ಹನ್ನೊಂದೂಮುಕ್ಕಾಲು. ಬಾಂಬೆ ಟೈಮಿಗೆ ಇನ್ನೂ ಹನ್ನೊಂದು ಹೊಡೆದಷ್ಟೇ. ಬೇಕಾದಷ್ಟು ಹೊತ್ತಿದೆ ಎಂದು ತಂಗಿಗೆ ಮಲ್ಲಿಗೆ ಮಾಲೆ ಆರಿಸಿ ಕೊಂಡೆ. ನಿಧಾನವಾಗಿಯೇ ನಡೆದೆ.

ಚಾಳಿನ ತಿರುವಿನಲ್ಲಿ ಗಟ್ಟಿಮೇಳ ಕೇಳಿಸಿತು. ಓಡಿದೆ.

ಚಪ್ಪರದಡಿ ತಂಗಿಯ ಕೊರಳಿನಲ್ಲಿ ತಾಳಿ. ನಾನು ಕೂರಬೇಕಾದ ಮಣೆಯ ಮೇಲೆ ಮಾವ. ಧಾರೆಯ ನೀರು ಬಾಳೆ ಎಲೆಯ ಅಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಸತ್ತಿದ್ದೆ ಮಾರಾಯ!" ಎಂದರು ಮಾವ.

"ಬಾಂಬೆ ಟೈಮು ಅಂದವರು ನೀವೇ ಅಲ್ವಾ?"

ಮಾವ ಶಲ್ಯದಿಂದ ಮುಖ ಒರೆಸಿಕೊಂಡರು. ಉತ್ತರ ಕೊಟ್ಟವರು ಭಟ್ಟರು: "ಗಂಡು ರೈಲ್ವೆಯಲ್ಲಿ ಗುಮಾಸ್ತ. ಅವನ ಅಪ್ಪ ರೈಲಿನ ಟೈಮಿಗೇ ಇಡಿ ಅಂದ್ರು, ನಾನು ಪಂಚಾಂಗ ನೋಡಿ ಹಾಗೇ ಇಟ್ಟೆ. ನಿನ್ನ ಮಾವ ಯಾವ ಟೈಮು ಅಂತ ನನ್ನ ಹತ್ರ ಕೇಳ್ಳೇ ಇಲ್ಲ. ನಿನಗೋಸ್ಕರ ಆದಷ್ಟು ಕಾದೆವು. ಲಗ್ನ ಕಾಯುದಿಲ್ಲ ಮಗಾ."

ಬೈಯುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಕಂಬಕ್ಕೆ ಒರಗಿ ನಿಂತೆ. ತಂಗಿ ತಲೆ ಎತ್ತಲಿಲ್ಲ. ಮಲ್ಲಿಗೆಯನ್ನು ಯಾರೋ ಕೈಯಿಂದ ತೆಗೆದುಕೊಂಡು ಹೋದರು.

ಹೋಮದ ಬೆಂಕಿ ಎದ್ದಾಗ ಭಟ್ಟರು ನನ್ನತ್ತ ಕೈಬೀಸಿದರು. "ಅಲ್ಲಿ ಎಂತ ನಿಂತದ್ದು? ಅರಳು ಹಾಕುವವ ಹೆಣ್ಣಿನ ಅಣ್ಣ. ಅದು ಮಾವನಿಂದ ಆಗುದಿಲ್ಲ. ಬಾ."

ಭತ್ತದ ಅರಳಿನ ತಟ್ಟೆ ಹಿಡಿದು ಅವಳ ಪಕ್ಕದಲ್ಲಿ ನಿಂತೆ. ಅವಳು ಬೊಗಸೆ ಒಡ್ಡಿದಳು. ನಾನು ಅವಸರದಿಂದ ಅರಳು ಸುರಿದೆ.

"ಮೆಲ್ಲ ಹಾಕು ಅಣ್ಣ, ಚೆಲ್ತಾ ಉಂಟು," ಎಂದಳು, ನನಗೆ ಮಾತ್ರ ಕೇಳುವಂತೆ.

ಮೆಲ್ಲಗೆ ಹಾಕಿದೆ.