ಗುಡ್ಡವ್ವ ಹಂಚಿದ ಹಿಟ್ಟು

ನಮ್ಮ ಬೆಂಗೇರಿಯ ಓಣಿಯಲ್ಲಿ ಹೆಂಗಸರು ರೊಟ್ಟಿ ಬಡಿಯುವುದನ್ನು ಮರೆತಿದ್ದಾರೆ. ಅದಕ್ಕೆ ಕಾರಣ ಗುಡ್ಡವ್ವ. ಇದು ದೂರಲ್ಲ, ಹೊಗಳಿಕೆ.

ಗಂಡ ತೀರಿಕೊಂಡಾಗ ಆಕೆಯ ಮಗಳು ನೀಲಾ ಇನ್ನೂ ತೊಟ್ಟಿಲಲ್ಲಿದ್ದಳು. ತೊಟ್ಟಿಲ ಪಕ್ಕದಲ್ಲೇ ಒಲೆ ಹೂಡಿ ಗುಡ್ಡವ್ವ ರೊಟ್ಟಿ ಮಾರಲು ಶುರುಮಾಡಿದಳು. ಈಗ ಹಿಟ್ಟು ನಾದಲು, ಬೇಯಿಸಲು ಬೇರೆ ಓಣಿಯ ನಾಲ್ಕಾರು ಹೆಂಗಸರು ಬರುತ್ತಾರೆ, ಬಡಿಯುವ ಕೈ ಮಾತ್ರ ಆಕೆಯದೇ. ಆಕೆಯ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳು. ಅಂಚು ಎಲ್ಲೂ ಸೀಳಿರುವುದಿಲ್ಲ. ಇಂಥದ್ದು ನಾಲ್ಕು ಹೆಜ್ಜೆಯಲ್ಲಿ ಸಿಗುವಾಗ ಯಾರು ಕೈ ಸುಟ್ಟುಕೊಳ್ಳುತ್ತಾರೆ? ನನ್ನ ಹೆಂಡತಿ ಕರುಣಾ ಶಾಲೆಯಲ್ಲಿ ಟೀಚರು. ನಮ್ಮ ಮನೆಯ ರೊಟ್ಟಿ ಹಂಚು ಅಟ್ಟ ಸೇರಿ ಎಷ್ಟು ಕಾಲವಾಯಿತೋ, ಅಲ್ಲಿಯ ಜೇಡಕ್ಕೇ ಗೊತ್ತು.

ಆದರೆ ಒಂದು ಮಾತು. ಯಾರ ಮನೆಯ ಕಾರ್ಯಕ್ಕೆ ಹೋದರೂ ಗುಡ್ಡವ್ವನಿಗೆ ಒಲೆಯ ಮುಂದೆಯೇ ಜಾಗ. 'ಬಾರವಾ ಗುಡ್ಡವ್ವ, ನೀ ಬಂದಿ ಅಂದ್ರ ಚಿಂತಿಲ್ಲ' ಎನ್ನುತ್ತಿದ್ದರು. ಪಂಕ್ತಿಯಲ್ಲಿ ಕೂರಿಸಿ ಬಡಿಸಿದವರನ್ನು ನಾನು ಕಂಡಿಲ್ಲ.

ಹೋದ ಮಾಘದಲ್ಲಿ ನೀಲಾಳ ನಿಶ್ಚಯವಾಯಿತು. ಹುಡುಗ ಹುಲಗೇಶ ಧಾರವಾಡದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾನೆ, ಸಪ್ತಾಪುರದಲ್ಲಿ ಬಾಡಿಗೆ ರೂಮು. ಮುಂದಿನ ರವಿವಾರವೇ ಇಬ್ಬರೂ ಗುಡ್ಡವ್ವನ ಕಟ್ಟೆಯ ಮೇಲೆ ಕುಳಿತು ಮದುವೆಯ ತಯಾರಿಗೆ ಕೈಹಚ್ಚಿದರು. ಹಿರಿಯರು ಒಬ್ಬರಿರಲಿ ಎಂದು ನನ್ನನ್ನೂ ಕರೆದಿದ್ದರು. ಮಂಗಲ ಕಾರ್ಯಾಲಯ, ಫೋಟೋದವರು, ಹಂದರ ಎಲ್ಲ ಫೋನಿನಲ್ಲೇ ಮುಗಿಯಿತು. ನಾನು ಚಹಾ ಕುಡಿದದ್ದಷ್ಟೇ ಹಿರಿತನ.

"ಅತ್ತಿ, ಊಟ ಪೂರಾ ಗುತ್ತಿಗಿ ಕೊಟ್ಟಬಿಡೂಣ್ರಿ," ಎಂದ ಹುಲಗೇಶ. "ರೊಟ್ಟಿ ಮಾತ್ರ ನಿಮ್ಮ ಕೈಯಾವು. ನಮ್ಮವ್ವ ಅದನ್ನ ಊರ ತುಂಬ ಹೇಳಕೊಂತ ಅಡ್ಡಾಡಾಕತ್ತಾಳ."

"ಬಾಕಿ ಎಲ್ಲಾ ನೀವು ಹೇಳಿದಂಗ ಆಗ್ಲಿ," ಎಂದಳು ಗುಡ್ಡವ್ವ. "ರೊಟ್ಟಿ ನಾ ಬಡಿಯಂಗಿಲ್ಲ."

ಯಾಕವ್ವಾ ಎಂದು ಮೂವರೂ ಒಟ್ಟಿಗೇ ಕೇಳಿದೆವು.

"ನಮ್ಮ ತವರಾಗ ಲಗ್ನ ಗೊತ್ತಾದ ಕೂಡಲೇ ಮನಿಮನಿಗೆ ಜ್ವಾಳದ ಹಿಟ್ಟು ಕೊಡತಿದ್ರು. ಅದು ರೊಟ್ಟಿ ಆಗಿ ತಿರುಗಿ ಬರತಿತ್ತು. ಲಗ್ನದ ಮನ್ಯಾಕಿ ಉಣ್ಣಾಕಿ, ಬಡಿಯಾಕಿ ಅಲ್ಲ. ಈ ಓಣಿಗೆ ಬಂದ ಮ್ಯಾಲೆ ನಾ ಬರೇ ಬಡದದ್ದ ಆತು. ನೀಲಾ ಹುಟ್ಟಿದಾಗಿಂದ ನಾ ಇನ್ನೊಬ್ಬರ ಕೈ ರೊಟ್ಟಿ ತಿಂದಿಲ್ಲ. ಮಗಳ ಲಗ್ನದಾಗ ತಿನ್ನಬೇಕು."

"ಯವ್ವಾ, ಇಲ್ಲಿ ಯಾರಿಗೆ ಬರತೈತಿ?" ನೀಲಾ ಗಾಬರಿಯಾದಳು. "ಹರಕ ರೊಟ್ಟಿ ಬೀಗರ ತಾಟಿನ್ಯಾಗ ಬಿದ್ರ ನಿನ್ನ ಹೆಸರು ಏನಾಗಬೇಕು?"

"ಹೋದ್ರ ಹೋಗ್ಲಿ ಬಿಡು."

ಬೆಂಕಿಯ ಮುಂದೆ ಕುಳಿತು ಗಳಿಸಿದ ಹೆಸರನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟವಳನ್ನು ಕಂಡು ನನಗೆ ಕೈಮುಗಿಯಬೇಕೆನಿಸಿತು.

ಮುಚ್ಚಳಕ್ಕೆ ಅರಿಶಿಣ ಕುಂಕುಮ ಹಚ್ಚಿ ಆಕೆ ಮನೆಮನೆಗೆ ಹಿಟ್ಟಿನ ಡಬ್ಬಿ ಕೊಟ್ಟು ಬಂದಳು. ಪಂಕ್ಚರ್ ಅಂಗಡಿಯ ಗೌಸಸಾಬ ಒಂಟಿ ಜೀವ. ಅವನನ್ನು ದಾಟಿ ಹೋಗುವಾಗ ಅವನೇ ತಡೆದ. "ನನಗ ಯಾಕಿಲ್ಲ ತಂಗಿ? ನಾ ಈ ಓಣ್ಯಾಂವ ಅಲ್ಲೇನು?" ಅವನಿಗೂ ಒಂದು ಡಬ್ಬಿ ಹೋಯಿತು.

ಹಿಟ್ಟು ಇಸಿದುಕೊಳ್ಳುವಾಗ ಎಲ್ಲರಿಗೂ ಸಡಗರ. ಬಾಗಿಲು ಹಾಕಿಕೊಂಡ ಮೇಲೆ ಡಬ್ಬಿ ತೆರೆಯಲು ಯಾರಿಗೂ ಧೈರ್ಯವಿಲ್ಲ.

"ಆಕಿ ಮನಿ ಲಗ್ನಕ್ಕ ನನ್ನ ರೊಟ್ಟೀನ?" ಎಂದಳು ಕರುಣಾ. "ನಾಕ ಮಂದ್ಯಾಗ ಆಕಿ ಮರ್ಯಾದಿ ಕಳೀಲೇನ್ರಿ? ಸುಮ್ಮನ ಪ್ಯಾಟಿಗೆ ಹೋಗಿ ಛಲೋ ರೊಟ್ಟಿ ತರ್ರಿ."

ಹೆಂಡತಿಯ ಮಾತು ಮೀರುವ ಗಂಡಸು ನಾನಲ್ಲ. ಸ್ಕೂಟರ್ ಹತ್ತಿದೆ. ಪೇಟೆಯ ಅಂಗಡಿಯಲ್ಲಿ ನಮ್ಮ ಓಣಿಯ ಇನ್ನಿಬ್ಬರು ಗಂಡಂದಿರು ನಿಂತಿದ್ದರು. ಮೂವರೂ ಬಿಸಿಲಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ಆ ವಾರ ಗುಡ್ಡವ್ವನ ಒಲೆ ಆರಲೇ ಇಲ್ಲ. ಏನವ್ವಾ ಇಷ್ಟು ಗಡಿಬಿಡಿ ಎಂದು ಕೇಳಿದೆ.

"ಪ್ಯಾಟಿ ಅಂಗಡ್ಯಾವ ಒಮ್ಮಿಂದೊಮ್ಮೆ ಭಾಳ ರೊಟ್ಟಿ ಕೇಳಾಕತ್ತಾನ್ರಿ ಅಣ್ಣಾರ. ಯಾರ ಮನ್ಯಾಗೋ ದೊಡ್ಡ ಲಗ್ನ ಇದ್ದಂಗ ಐತಿ."

ಆಗಲೂ ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ.

ಲಗ್ನಕ್ಕೆ ಮೊದಲು ರೊಟ್ಟಿ ತಂದುಕೊಡುವ ದಿನ ಬಂತು. ಗುಡ್ಡವ್ವ ಇಳಕಲ್ ಸೀರೆಯುಟ್ಟು, ಚಾಪೆಯ ಮೇಲೆ ಮಡಿ ಧೋತರ ಹಾಸಿ, ಬಾಗಿಲಿಗೆ ಕಣ್ಣಿಟ್ಟು ಕುಳಿತಿದ್ದಳು. ಕರುಣಾಳ ಹಿಂದೆ ನಾನೂ ಹೋದೆ. ಹೆಂಗಸರು ಒಬ್ಬೊಬ್ಬರೇ ಬಂದು ರೊಟ್ಟಿಯ ಗಂಟು ಬಿಚ್ಚಿಟ್ಟರು. ಎಲ್ಲವೂ ಅಚ್ಚು ಹಾಕಿದಂತೆ ದುಂಡಗೆ. ಆಕೆ ಮೊದಲ ಗಂಟಿನಿಂದ ಒಂದು ಚೂರು ಮುರಿದು ನೋಡಿದಳು. ಎರಡನೆಯದರಿಂದಲೂ ಮುರಿದಳು. ಮೂರನೆಯದಕ್ಕೆ ಕೈ ಹಾಕಲಿಲ್ಲ. ತಾನು ಬಡಿದ ರೊಟ್ಟಿ ತನಗೆ ಗೊತ್ತಾಗುವುದಿಲ್ಲವೇ?

"ಛಲೋ ಆಗ್ಯಾವ್ರಿ. ಕೂಡ್ರಿ, ಚಾ ಇಡತೇನಿ," ಎಂದು ಒಳಗೆ ಹೋದಳು.

ನೀಲಾ ಒಂದು ರೊಟ್ಟಿ ಎತ್ತಿ ತಿರುಗಿಸಿದಳು. "ಇವು ನಮ್ಮವ್ವ ಬಡದವು ಅಲ್ಲೇನ್ರಿ?"

ಕರುಣಾ ಸೆರಗಿನಿಂದ ತನ್ನ ಗಂಟು ಮುಚ್ಚಲು ಹೋದಳು. ಆಕೆಯ ಮರ್ಯಾದೆ ಉಳಿಸುತ್ತೇವೆಂದು ಹೊರಟವರು ಆಕೆಯ ದುಡಿಮೆಯನ್ನೇ ಆಕೆಯ ಮಡಿಲಿಗೆ ತಂದು ಸುರಿದಿದ್ದೆವು.

ಅಷ್ಟರಲ್ಲಿ ಹೊಸ ಟವೆಲ್ಲಿನ ಗಂಟು ಹಿಡಿದು ಗೌಸಸಾಬ ಬಂದ. ಬಿಚ್ಚಿದರೆ ಒಂದು ದಪ್ಪ, ಒಂದು ಸೀದದ್ದು, ಒಂದಕ್ಕೆ ಮೂರು ಮೂಲೆ.

"ಬೈಬ್ಯಾಡ ತಂಗಿ. ಸೈಕಲ್ ಗಾಲಿ ದುಂಡಗ ಮಾಡಾಕ ಬರತೈತಿ, ರೊಟ್ಟಿ ಬರವಲ್ದು."

ಚಹಾದ ತಾಟು ಕೆಳಗಿಟ್ಟು ಗುಡ್ಡವ್ವ ಆ ಮೂರು ಮೂಲೆಯದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ಗೌಸಣ್ಣ, ಉಪ್ಪು ಹಾಕೀರೇನು?"

"ಹಾಕಬಾರದಿತ್ತೇನು?"

ಆಕೆ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಚಟ್ನಿ ಇಲ್ಲ, ಪಲ್ಯ ಇಲ್ಲ, ನಿಂತಲ್ಲೇ ಆ ರೊಟ್ಟಿಯನ್ನು ಪೂರ್ತಿ ತಿಂದಳು. ನಮ್ಮ ದುಂಡನೆಯ ರೊಟ್ಟಿಗಳು ಹಾಗೇ ಬಿದ್ದಿದ್ದವು.

ಮನೆಗೆ ಬಂದ ಕರುಣಾ ಅಟ್ಟದ ಕಡೆ ಕೈ ತೋರಿಸಿದಳು. ಹಂಚು ಇಳಿಸಿಕೊಟ್ಟೆ. ಅರಿಶಿಣ ಹಚ್ಚಿದ ಡಬ್ಬಿಯ ಮುಚ್ಚಳ ಅಂದು ತೆರೆಯಿತು. ಸಂಜೆಯಾಗುವಷ್ಟರಲ್ಲಿ ಓಣಿಯ ಎಲ್ಲ ಮನೆಗಳಿಂದ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿಯೇ ಗುಡ್ಡವ್ವ ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

ಕರುಣಾ ಎತ್ತಿದ ರೊಟ್ಟಿ ನಡುವೆಯೇ ಹರಿಯಿತು. ಗುಡ್ಡವ್ವನ ಬಲಗೈ ತಾನಾಗಿ ಮುಂದೆ ಬಂತು. ಆಕೆ ಅದನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾ ಕೈ ಹಚ್ಚಂಗಿಲ್ಲ ಅಕ್ಕಾರ. ನೀವು ಬಡೀರಿ."

"ಹರೀತಲ್ರಿ," ಎಂದಳು ಕರುಣಾ, ಅಳುವ ದನಿಯಲ್ಲಿ.

"ಹರೀಲಿ, ಹಾಕ್ರಿ."

ಬೆಂದ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಕರುಣಾ ತಾಟು ಕೊಟ್ಟಳು. ಗುಡ್ಡವ್ವ ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಳು. ಒಲೆಗೆ ಬೆನ್ನು ಮಾಡಿ ಕುಳಿತ ಗುಡ್ಡವ್ವನನ್ನು ನಾನು ನೋಡಿದ್ದು ಅದೇ ಮೊದಲು. ಅವಸರವಿಲ್ಲದೆ ತಿಂದು ಮುಗಿಸಿ, ಖಾಲಿ ತಾಟನ್ನು ಮುಂದೆ ಚಾಚಿದಳು.

"ಇನ್ನೊಂದ ಹಾಕ್ರಿ ಅಕ್ಕಾರ."