‘ಬಂತು’ ಎಂಬ ಬಟನ್ನು

ನಮ್ಮ ಕಂಪನಿಯ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮುಂಬೈಯ ಹೌಸಿಂಗ್ ಸೊಸೈಟಿಗಳ ಪಂಪು ಹಾಕುವುದು. ನಸುಕಿನಲ್ಲಿ ಪೈಪಿನ ನೀರು ಬಂದು ಕಟ್ಟಡದ ನೆಲದಡಿಯ ಟಾಕಿ ತುಂಬತೊಡಗುತ್ತದೆ. ಅದನ್ನು ಪಂಪಿನಿಂದ ಟೆರೇಸಿನ ಟಾಕಿಗೆ ಏರಿಸಿದರೆ ಮಾತ್ರ ಮನೆಗಳ ನಲ್ಲಿಯಲ್ಲಿ ನೀರು. ಹಿಂದೆ ವಾಚ್‌ಮನ್ ಎದ್ದು, ಮುಚ್ಚಳ ತೆಗೆದು ನೋಡಿ ಸ್ವಿಚ್ ಹಾಕುತ್ತಿದ್ದ. ಈಗ ನಮ್ಮದೊಂದು ಪುಟ್ಟ ಡಬ್ಬಿ ನೀರಿನ ಮಟ್ಟ ಅಳೆದು ಫೋನಿಗೆ ತಿಳಿಸುತ್ತದೆ, ಪಂಪು ಫೋನಿನಿಂದಲೇ ಶುರುವಾಗುತ್ತದೆ. ಇಷ್ಟು ಮಾಡುವ ಕಂಪನಿಗೆ ನಾನು ಸಿಇಒ. ಹೊರಗಿನವರ ಬಂಡವಾಳ ಒಂದು ಪೈಸೆಯೂ ಇಲ್ಲ. ಒಂದು ಕಟ್ಟಡದ ಸಂಪಾದನೆಯಲ್ಲಿ ಇನ್ನೊಂದು ಕಟ್ಟಡಕ್ಕೆ ಡಬ್ಬಿ ಹಾಕುತ್ತ ಬೆಳೆದೆವು. ಹಾಗಾಗಿ ಒಂದು ದೊಡ್ಡ ತಪ್ಪಾದರೆ ನಮ್ಮನ್ನು ಎತ್ತಿ ನಿಲ್ಲಿಸುವವರು ಯಾರೂ ಇಲ್ಲ ಎಂಬ ಹೆದರಿಕೆ ನನಗೆ ದಿನವೂ ಇತ್ತು.

ಆ ಡಬ್ಬಿಯ ಆಲೋಚನೆ ನನ್ನದಲ್ಲ, ಅವ್ವನದು. ವಿಜಯಪುರದಿಂದ ಬಂದ ನಾವು ಮುಲುಂಡ್‌ನ ಒಂದು ಚಾಳಿನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಇದ್ದೆವು. ಚಾಳಿನ ಮೋಟರ್ ಹಾಕುವ ಜವಾಬ್ದಾರಿ ಅವ್ವನ ಪಾಲಿಗೆ ಬಂದಿತ್ತು. ಟಾಕಿಯಲ್ಲಿ ನೀರಿಲ್ಲದೆ ಮೋಟರ್ ತಿರುಗಿದರೆ ಸುಟ್ಟುಹೋಗುತ್ತದೆ. ಅದಕ್ಕೆ ದಿನಾ ನಸುಕಿನಲ್ಲಿ ಅವ್ವ ನನ್ನನ್ನು ಎಬ್ಬಿಸುತ್ತಿದ್ದಳು. ನಾನು ಅಂಗಳದಲ್ಲಿ ಬೋರಲು ಮಲಗಿ, ಕಬ್ಬಿಣದ ಮುಚ್ಚಳ ಸರಿಸಿ ಒಳಗೆ ಇಣುಕುತ್ತಿದ್ದೆ.

“ನೀರ ಬಂತೇನವಾ?”

“ಬಂತವ್ವಾ!”

ನಾನು ಹೀಗೆ ಕೂಗಿದ ಮೇಲೆಯೇ ಅವ್ವ ಸ್ವಿಚ್ಚು ಹಾಕುತ್ತಿದ್ದಳು. ಇಡೀ ಚಾಳು ನನ್ನ ಬಾಯಿಂದ ನೀರು ಕುಡಿಯುತ್ತದೆ ಎಂದು ಎಂಟು ವರ್ಷದ ನನಗೆ ಭಾರೀ ಜಂಬ.

ಕಂಪನಿ ಕಟ್ಟುವಾಗ ಆ ಜಂಬವನ್ನೂ ಅದರೊಳಗೆ ಸೇರಿಸಿ ಕಟ್ಟಿದೆ. ಡಬ್ಬಿ ಎಷ್ಟೇ ಅಳೆಯಲಿ, ಮನುಷ್ಯರೊಬ್ಬರು ಪರದೆ ನೋಡಿ ‘ಬಂತು’ ಎಂಬ ಬಟನ್ನು ಒತ್ತಿದರೆ ಮಾತ್ರ ಪಂಪು ಶುರುವಾಗಬೇಕು ಎಂದು ನಿಯಮ ಮಾಡಿದೆ. ಆ ಬಟನ್ನಿನ ಮೇಲೆ ಕನ್ನಡದಲ್ಲೇ ಬರೆಸಿದ್ದೆ. ನಮ್ಮ ಗುಜರಾತಿ ಗಿರಾಕಿಗಳೂ “ಆಜ್ ಬಂತು ಹುವಾ ಕ್ಯಾ?” ಎಂದು ಕೇಳುವುದನ್ನು ಕಲಿತರು. ಮನುಷ್ಯರೊಬ್ಬರು ಎಂದೆನಲ್ಲ, ಆ ಮನುಷ್ಯಳು ನಾನೇ. ಹತ್ತು ಕಟ್ಟಡಗಳಿದ್ದಾಗ ಹಲ್ಲುಜ್ಜುತ್ತ ಒತ್ತುತ್ತಿದ್ದೆ. ಮುನ್ನೂರಾದಾಗ ಪಟ್ಟಿ ಮುಗಿಯುವಷ್ಟರಲ್ಲಿ ಹೆಬ್ಬೆರಳು ನೋಯುತ್ತಿತ್ತು. ಒಂದೇ ಒಂದು ದಿನ ಊರು ಬಿಟ್ಟು ಹೋಗಲಿಲ್ಲ, ತಂಗಿಯ ಮದುವೆಯ ಅಕ್ಕಿಕಾಳು ಹಾಕುವಾಗಲೂ ಎಡಗೈಯಲ್ಲಿ ಫೋನಿತ್ತು.

ಚೆಂಬೂರಿನ ಹುಡುಗಿಯೊಬ್ಬಳು ನಮ್ಮ ಮುಖ್ಯ ಎಂಜಿನಿಯರ್. ಮನೆಮಾತು ತುಳು; ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ. ಎರಡು ವರ್ಷ ಅವಳದು ಒಂದೇ ರಾಗ. “ಮೇಡಂ, ಬಟನ್ ತೆಗೀಬೇಕು. ಕಟ್ಟಡ ಜಾಸ್ತಿ ಆದ್ರೆ ಸ್ಕೇಲ್ ಆಗಲ್ಲ, ಸಚ್ಚೀ.” ನನ್ನದೂ ಒಂದೇ ಉತ್ತರ: “ಬಟನ್ ಇರಲಿ.” ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಆಗ ಒಂದು ದೊಡ್ಡ ಕಾಲನಿಯವರು ಬಂದರು. ಒಂದೇ ಆವರಣದಲ್ಲಿ ನಮ್ಮ ಅಷ್ಟೂ ಕಟ್ಟಡಗಳಿಗೆ ಸಮವಾಗುವಷ್ಟು ಕಟ್ಟಡಗಳು. ಒಪ್ಪಿದರೆ ಕಂಪನಿ ಇಮ್ಮಡಿ, ಒಪ್ಪದಿದ್ದರೆ ನಾವು ಇದ್ದಲ್ಲೇ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಉತ್ತರ ಕೊಡಬೇಕಿತ್ತು. ನನ್ನ ಹೆಬ್ಬೆರಳು ಅಷ್ಟಕ್ಕೆ ಸಾಲದು, ಬಟನ್ನು ಬಿಡಲು ಧೈರ್ಯ ಸಾಲದು. ಬೇಡವೆಂದು ಹೇಳುವುದೆಂದು ಗುರುವಾರ ರಾತ್ರಿಯೇ ತೀರ್ಮಾನಿಸಿ ಮಲಗಿದೆ.

ಶುಕ್ರವಾರ ಕಣ್ಣು ಬಿಟ್ಟಾಗ ಬಿಸಿಲು ಪರದೆ ದಾಟಿ ಮಂಚಕ್ಕೆ ಬಂದಿತ್ತು. ಫೋನು ಸತ್ತು ಬಿದ್ದಿತ್ತು. ಚಾರ್ಜರ್ ಚುಚ್ಚಿದ್ದೆ, ಗೋಡೆಯ ಸ್ವಿಚ್ಚನ್ನೇ ಹಾಕಿರಲಿಲ್ಲ. ಊರಿಗೆಲ್ಲ ಸ್ವಿಚ್ಚು ಹಾಕುವವಳು ತನ್ನ ಹಾಸಿಗೆ ಪಕ್ಕದ ಸ್ವಿಚ್ಚು ಮರೆತಿದ್ದಳು.

“ಅವ್ವಾ, ಯಾಕ ಎಬ್ಬಸಲಿಲ್ಲ?” ಎಂದು ಕಿರುಚಿದೆ.

“ಎಷ್ಟ ವರ್ಷಕ್ಕ ಒಮ್ಮೆ ಮಕ್ಕೊಂಡಿದ್ದಿ. ಎಬ್ಬಸಾಕ ಮನಸ ಬರಲಿಲ್ಲ.”

ಮನೆಯ ನಲ್ಲಿಯಲ್ಲಿ ನೀರಿತ್ತು, ಆದರೆ ಅದರಿಂದ ಸಮಾಧಾನವಿರಲಿಲ್ಲ. ನಮ್ಮ ಸೊಸೈಟಿ ಇಂದಿಗೂ ನಮ್ಮ ಗಿರಾಕಿಯಲ್ಲ, ಹಿತ್ತಲ ಗಿಡ ಮದ್ದಲ್ಲ. ಅವ್ವನ ಫೋನಿನಿಂದ ಮಾತಾಡೋಣವೆಂದರೆ ಆಫೀಸಿನ ಒಬ್ಬರ ನಂಬರೂ ಬಾಯಿಗೆ ಬರಲಿಲ್ಲ. ಮುಖಕ್ಕೆ ನೀರು ಚಿಮುಕಿಸಿಕೊಂಡು ರಿಕ್ಷಾ ಹತ್ತಿ ಸ್ಟೇಷನ್ನಿಗೆ ಓಡಿದೆ. ಮುನ್ನೂರು ಕಟ್ಟಡಗಳಲ್ಲಿ ಜನ ಖಾಲಿ ಬಕೆಟ್ ಹಿಡಿದು ನನಗೆ ಹಿಡಿಶಾಪ ಹಾಕುತ್ತಿರುವುದು ಕಣ್ಣ ಮುಂದೆ ಕುಣಿಯುತ್ತಿತ್ತು. ಕಂಪನಿಯ ಕಥೆ ಮುಗಿಯಿತೆಂದೇ ಅಂದುಕೊಂಡೆ.

ಲೋಕಲ್ ರೈಲಿನ ಲೇಡೀಸ್ ಬೋಗಿಯಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದೆ. ಭಾಂಡುಪಿನಲ್ಲಿ ಹತ್ತಿದ ಹೆಂಗಸಿನ ಕೂದಲು ನನ್ನ ತೋಳಿಗೆ ತಾಗಿ ತಣ್ಣಗಾಯಿತು. ನೋಡಿದರೆ ಒದ್ದೆ ಕೂದಲು. ಅವಳ ಪಕ್ಕದವಳದೂ ಒದ್ದೆ. ಬಾಗಿಲಲ್ಲಿ ನಿಂತ ನಾಲ್ವರು ಗಾಳಿಗೆ ಕೂದಲು ಒಡ್ಡಿ ಒಣಗಿಸುತ್ತಿದ್ದರು. ಶುಕ್ರವಾರವಲ್ಲವೇ, ಬೋಗಿಯಲ್ಲಿ ಅರ್ಧಕ್ಕರ್ಧ ಜನ ತಲೆಸ್ನಾನ ಮಾಡಿ ಬಂದಿದ್ದರು. ನಾಚಿಕೆ ಬಿಟ್ಟು ಆ ಭಾಂಡುಪಿನ ಹೆಂಗಸನ್ನು ಮರಾಠಿಯಲ್ಲಿ ಕೇಳಿದೆ, ಈ ದಿನ ನೀರು ಬಂತೇ ಎಂದು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ದಿನಾ ಬರುತ್ತದಲ್ಲ, ಅದರಲ್ಲೇನು ಎಂದಳು. ಯಾವ ಸೊಸೈಟಿ ಎಂದೆ. ಹೇಳಿದಳು. ನಮ್ಮ ಪಟ್ಟಿಯಲ್ಲಿದ್ದ ಸೊಸೈಟಿ! ನಿನ್ನೆಯ ಉಳಿದ ನೀರಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ನನ್ನ ಮನಸ್ಸು ಅಷ್ಟು ಸುಲಭಕ್ಕೆ ನಂಬುವ ಪೈಕಿಯದಲ್ಲ.

ಆಫೀಸಿನಲ್ಲಿ ಚೆಂಬೂರಿನ ಹುಡುಗಿ ನೆಮ್ಮದಿಯಾಗಿ ಅವಲಕ್ಕಿ ಪೋಹೆ ತಿನ್ನುತ್ತಿದ್ದಳು.

“ಬಟನ್ ಯಾರು ಒತ್ತಿದರು?”

“ಯಾರೂ ಇಲ್ಲ, ಮೇಡಂ.”

“ಮತ್ತೆ ಪಂಪು?”

“ಪಂಪ್ ತೋ ಅಪನೇ ಆಪ್, ತಾನಾಗೇ ಆಗುತ್ತೆ. ನೀರು ಗೆರೆ ದಾಟಿದ್ರೆ ಆನ್, ಕಡಿಮೆ ಆದ್ರೆ ಆಫ್. ಹನ್ನೊಂದು ತಿಂಗಳಾಯ್ತು. ಮೀಟಿಂಗಲ್ಲಿ ಹೇಳಿದ್ದೆ ನಾ? ನೀವು ಫೋನಲ್ಲಿ ಇದ್ರಿ. ‘ಮಾಡಿ, ಆದ್ರೆ ಬಟನ್ ಇರಲಿ’ ಅಂದ್ರಿ.” ಅವಳು ಚಮಚ ಕೆಳಗಿಟ್ಟಳು. “ಬಟನ್ ಇದೆ, ಮೇಡಂ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹನ್ನೊಂದು ತಿಂಗಳು ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ ಎಂದು ಎಲ್ಲರೆದುರು ಕೂಗಾಡಿದೆ. ಅವಳು ಕೈ ಒರೆಸಿಕೊಂಡು ಎದ್ದಳು. ಕುರ್ಚಿ ಸರಿಸಿ, ಗೋಡೆಯ ದೊಡ್ಡ ಪರದೆಯಲ್ಲಿ ಆ ದಿನದ ಬೆಳಗನ್ನು ಮೊದಲಿನಿಂದ ಓಡಿಸಿದಳು.

ಒಂದೊಂದು ಕಟ್ಟಡಕ್ಕೆ ಎರಡೆರಡು ನೀಲಿ ಗೆರೆ, ನೆಲದ ಟಾಕಿಗೊಂದು, ಟೆರೇಸಿನ ಟಾಕಿಗೊಂದು. ನಾನು ದಿನಾ ಪುಟ್ಟ ಫೋನಿನಲ್ಲಿ ನೀರಿನ ಮಟ್ಟ ನೋಡಿ, ಬಟನ್ನು ಒತ್ತಿ ಮುಂದೆ ಹೋಗುತ್ತಿದ್ದೆ, ಪಂಪು ಆಗಲೇ ಓಡುತ್ತಿದೆಯೇ ಎಂದು ನೋಡಿದವಳೇ ಅಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದ್ದು ಅಂದೇ ಮೊದಲು. ಮೊದಲು ಮೂಲೆಯಲ್ಲಿ ನಾಲ್ಕು ಗೆರೆ ಎದ್ದವು. ಆಮೇಲೆ ಅವುಗಳ ಪಕ್ಕದವು. ನೀರು ಬೀದಿಯಿಂದ ಬೀದಿಗೆ ನಡೆದು ಬರುವುದು ಕಣ್ಣಿಗೆ ಕಾಣುತ್ತಿತ್ತು. ತಗ್ಗಿನ ಕಟ್ಟಡಗಳು ಬೇಗ ಏರಿದವು, ದಿಬ್ಬದವು ಕಾದು ಕಾದು ಏರಿದವು. ನೆಲದ ಗೆರೆ ತುಂಬುತ್ತಿದ್ದಂತೆ ಟೆರೇಸಿನ ಗೆರೆ ಮೇಲೇಳುತ್ತಿತ್ತು. ಮುನ್ನೂರು ಮಾಳಿಗೆಗಳ ಮೇಲೆ ನೀರು ನಿಂತಿತು, ಯಾರೂ ‘ಬಂತು’ ಎನ್ನಲಿಲ್ಲ. ನಾನು ಗೊರಕೆ ಹೊಡೆಯುತ್ತಿದ್ದಾಗ ಸಾವಿರಾರು ಮಂದಿ ಮಿಂದು, ಅಡಿಗೆ ಮಾಡಿ, ತಲೆ ಒಣಗಿಸುತ್ತ ರೈಲು ಹತ್ತಿದ್ದರು. ಇದನ್ನು ನಾವು ಮಾಡಿದೆವೇ ಎಂದು ಬಾಯಿ ತೆರೆದು ನೋಡುತ್ತ ನಿಂತೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆಗೆ ಚಿಕ್ಕಂದಿನಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಆ ಮುದುಕಿ ಕೋಳಿಯನ್ನಾದರೂ ಸಾಕಿದ್ದಳು, ನಾನು ಬರೀ ಹೆಬ್ಬೆರಳು ಸಾಕಿದ್ದೆ.

ಹುಡುಗಿಯ ಕ್ಷಮೆ ಕೇಳಿದೆ. ಅವಳ ಪೋಹೆ ಆರಿ ಹೋಗಿತ್ತು. ಹನ್ನೊಂದಕ್ಕೆ ಕಾಲನಿಯವರಿಗೆ ಒಪ್ಪಿಗೆ ಹೇಳಿದೆ. ಸಂಜೆಯೊಳಗೆ ಬಟನ್ನನ್ನು ತೆಗೆದುಬಿಡಿ ಎಂದು ನಾನೇ ಹೇಳಿದೆ.

ಮನೆಗೆ ಬಂದು ಅವ್ವನಿಗೆ ಎಲ್ಲ ವರದಿ ಒಪ್ಪಿಸಿದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ನಕ್ಕಳು.

“ಯಾಕ ನಗ್ತಿ?”

“ಚಾಳಿನ್ಯಾಗೂ ಹಿಂಗs ಇತ್ತಲ್ಲ. ನೀರ ಬರೂಕಿಂತ ಮೊದಲ ಪೈಪಿನ್ಯಾಗ ಗಾಳಿ ಭುಸ್ ಅಂತಿತ್ತು. ಆಮ್ಯಾಲ ಟಾಕಿಗಿ ಬೀಳೂ ಸಪ್ಪಳ. ನೀ ಮುಚ್ಚಳ ತಗಿಯೂದ್ರಾಗ ನನಗ ಗೊತ್ತಾಗಿರ್ತಿತ್ತು.”

“ಹಂಗಾರ ನನ್ನ ಯಾಕ ಎಬ್ಬಸ್ತಿದ್ದಿ, ದಿನಾ?”

ಅವ್ವ ಒಂದು ಕಡ್ಡಿಯ ಎಲೆಯನ್ನೆಲ್ಲ ಬಿಡಿಸಿ ಮುಗಿಸಿದಳು.

“ಆ ಕತ್ತಲ್ಯಾಗ ಒಬ್ಬಾಕಿನs ಎಚ್ಚರ ಇರಾಕ ಬ್ಯಾಸರ ಆಗತಿತ್ತವಾ. ನೀ ಒಂದ ಕೂಗು ಹೊಡದ್ರ, ಯಾರೋ ಅದಾರ ಅನಸ್ತಿತ್ತು.”

ನಾನು ಸೊಪ್ಪಿನ ಕಟ್ಟು ಎಳೆದುಕೊಂಡು ಬಿಡಿಸಲು ಕುಳಿತೆ.

ಮರುದಿನ ಅಲಾರಾಂ ಇಡದಿದ್ದರೂ ಅದೇ ಹೊತ್ತಿಗೆ ಎಚ್ಚರವಾಯಿತು. ಅಡಿಗೆಮನೆಯಲ್ಲಿ ದೀಪವಿತ್ತು. ಫೋನಿನಲ್ಲಿ ಬಟನ್ನು ಇದ್ದ ಜಾಗ ಬೆಳ್ಳಗಿತ್ತು, ಅದರ ಮೇಲೆ ಗೆರೆಗಳು ಒಂದೊಂದಾಗಿ ಏಳುತ್ತಿದ್ದವು. ಎದ್ದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

“ಬಂತವ್ವಾ,” ಎಂದೆ.

“ಬಂತs? ಛಲೋ ಆತು,” ಎಂದಳು ಅವ್ವ. ಅವಳು ಆಗಲೇ ಎರಡು ಕಪ್ಪಿಗಾಗುವಷ್ಟು ಚಹಾಕ್ಕೆ ನೀರಿಟ್ಟಿದ್ದಳು.