ಔಡಲೆಣ್ಣೆಯ ಬ್ರೇಕು

ಸವಣೂರಿನಲ್ಲಿ ನಮ್ಮದು ಪುರಾಣಿಕರ ಮನೆ. ಅಜ್ಜ ಪುರಾಣ ಹೇಳಲು ಕೂತರೆ ಕೇಳುವವರು ಕಣ್ಣೀರು ಹಾಕುತ್ತಿದ್ದರಂತೆ. ನಾನು ಹೇಳಲು ಕೂತಾಗಲೂ ಕಣ್ಣೀರು ಬಂತು, ಅಪ್ಪನೊಬ್ಬನಿಗೆ. ಸಂಧ್ಯಾವಂದನೆಯಿಂದ ಮುಂದಕ್ಕೆ ವಿದ್ಯೆ ತಲೆಗೆ ಹತ್ತದ್ದರಿಂದ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಸೇರಿದೆ. ಅಲ್ಲಿಯೂ ಅರ್ಧ ಕಲಿಯುವಷ್ಟರಲ್ಲಿ ಎಲ್ಲ ಬಂತೆಂದು ತಿಳಿದು, ಊರಿಗೆ ಬಂದು ಅಂಗಡಿ ಹಾಕಿದೆ. ಸವಣೂರಿನ ಮೋಟಾರುಗಳನ್ನು ಆಗ ಬೆರಳಲ್ಲಿ ಎಣಿಸಬಹುದಿತ್ತು. ನನ್ನ ಹತ್ತಿರ ಬರುತ್ತಿದ್ದವನ್ನು ಎಣಿಸಲು ಬೆರಳೂ ಬೇಕಿರಲಿಲ್ಲ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಮಡಿ ಉಟ್ಟರೂ ಪುರಾಣಿಕರ ವಿಠ್ಠಲ ಗ್ರೀಸು ನಾರುತ್ತಾನೆ ಎಂದು ಊರೇ ಆಡುತ್ತಿತ್ತು. ಮೂವತ್ತು ದಾಟಿತು. ನನಗೂ ಅಂಥ ಅವಸರವೇನಿರಲಿಲ್ಲ. ಆದರೆ ಹಾನಗಲ್ಲಿನ ಒಂದು ಮುಂಜಿಯಲ್ಲಿ ಇಂದಿರಾ ಎಂಬ ಹುಡುಗಿ ಪಂಕ್ತಿಯಲ್ಲಿ ಚಟ್ನಿ ಬಡಿಸುತ್ತ ಬಂದಳು. ಸಾಕು ಎನ್ನುವುದನ್ನೇ ಮರೆತೆ. ಅವಳೂ ಹಟಕ್ಕೆ ಬಿದ್ದವಳಂತೆ ಬಡಿಸುತ್ತಲೇ ಹೋಗಿ, ಕೊನೆಗೆ ನಕ್ಕುಬಿಟ್ಟಳು. ಆ ಚಟ್ನಿಯನ್ನೆಲ್ಲ ತಿಂದು ಮೂರು ದಿನ ಹೊಟ್ಟೆ ಉರಿಯಿತು. ಅವಳನ್ನಲ್ಲದೆ ಬೇರೆ ಯಾರನ್ನೂ ಮಾಡಿಕೊಳ್ಳುವುದಿಲ್ಲವೆಂದು ಅವ್ವನಿಗೆ ಹೇಳಿದೆ. ಬೇರೆ ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ.

ಅದು ಲಡಾಯಿಯ ಕಾಲ, ನಲವತ್ಮೂರನೆಯ ಇಸವಿ. ಅವ್ವ ಭಾಗೀರಥಿಬಾಯಿ ಹೇಗೋ ಮಾತು ಹಚ್ಚಿ, ಇಂದಿರಾಳ ತಾಯಿ ಗೋಪಿಕಾಬಾಯಿಯವರು ಮಗಳನ್ನು ತೋರಿಸಲು ನಮ್ಮ ಮನೆಗೇ ಕರೆತರುವಂತೆ ಮಾಡಿದಳು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮನೆತನ ತೂಗಿಸಿದ ಗಟ್ಟಿ ಹೆಂಗಸು ಅವರು.

ಅದೇ ವಾರ ಎಲೆ ವ್ಯಾಪಾರಿ ಮಹಾಲಿಂಗಪ್ಪನವರು ನನ್ನನ್ನು ಕರೆಸಿದರು. ಅವರ ಅಮೇರಿಕದ ಹಳೆಯ ಮೋಟಾರು ಪೆಟ್ರೋಲು ಸಿಗದೆ ಕೊಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿದಿತ್ತು. ಈಗ ಪರವಾನಗಿ ಸಿಕ್ಕಿತ್ತು, ವೀಳ್ಯದೆಲೆಯ ಪೆಂಡಿಗಳನ್ನು ಯಲವಿಗಿಯ ರೈಲಿಗೆ ಮುಟ್ಟಿಸಬೇಕಿತ್ತು. ಸ್ಪ್ರಿಂಗಿನ ಪಟ್ಟಿಗಳನ್ನು ಹಿಡಿದಿಡುವ ಪಿನ್ನುಗಳು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಚಿಮಣಿ ಎಣ್ಣೆ ಉಣ್ಣಿಸಿದೆ, ಕಾಸಿದೆ, ತಟ್ಟಿದೆ, ಬೈದೆ. ಒಂದೊಂದೇ ಬಿಟ್ಟವು, ಕೊನೆಯದು ನನ್ನ ಕಾಲ ಮೇಲೇ ಬಿತ್ತು. ತೂತು ಬಿದ್ದ ಬ್ರೇಕಿನ ಕೊಳವೆಗಳನ್ನು ಕಿತ್ತು ಹುಬ್ಬಳ್ಳಿಯಿಂದ ತಂದ ತಾಮ್ರದವನ್ನು ಕೂಡಿಸಿದೆ. ಉಳಿದದ್ದು ಅದರೊಳಗೆ ತುಂಬುವ ಎಣ್ಣೆ. ಅದು ಬರುತ್ತಿದ್ದುದು ವಿಲಾಯತಿಯಿಂದ, ಹಡಗುಗಳೆಲ್ಲ ಲಡಾಯಿಗೆ ಹೋಗಿದ್ದವು.

ಗ್ಯಾರೇಜಿನ ಉಸ್ತಾದ ಒಂದು ಉಪಾಯ ಹೇಳಿಕೊಟ್ಟಿದ್ದ: ಔಡಲೆಣ್ಣೆಗೆ ಅಷ್ಟೇ ಸ್ಪಿರಿಟು ಬೆರೆಸಬೇಕು. ಔಡಲೆಣ್ಣೆ ಅವ್ವನ ಗಡಿಗೆಯಲ್ಲಿತ್ತು. ಸ್ಪಿರಿಟು ದವಾಖಾನೆಯಲ್ಲೂ ಇರಲಿಲ್ಲ. ಉಳಿದ ದಾರಿ ಒಂದೇ, ಸಾರಾಯಿ ಅಂಗಡಿಯ ಮೊದಲ ಬಟ್ಟಿ, ಬೆಂಕಿ ತೋರಿಸಿದರೆ ಹತ್ತಿಕೊಳ್ಳುವಂಥದು.

ಇಲ್ಲಿ ನನ್ನ ಜಾಣತನ ಕೇಳಬೇಕು. ಕದ್ದು ಹೋದರೆ ತಾನೇ ಜನರಿಗೆ ಸಂಶಯ? ಹಾಡಹಗಲೇ ಹೋಗಬೇಕು, ಪೂಜೆ ಮುಗಿಸಿ, ಗೋಪಿಚಂದನ, ಅಂಗಾರ, ಅಕ್ಷತೆ ಎಲ್ಲ ಹಚ್ಚಿಕೊಂಡು, ಹಿತ್ತಾಳೆಯ ತಂಬಿಗೆ ಹಿಡಿದು. ಇಂಥ ವೈಷ್ಣವ ಕುಡಿಯಲು ಬಂದಾನೆ ಎಂದು ಯಾರು ನಂಬುತ್ತಾರೆ? ಹಾಗೆಯೇ ಹೋದೆ. ತಂಬಿಗೆ ತುಂಬಿಸಿಕೊಂಡು ಹೊರಬಿದ್ದಾಗ ಎದುರಿಗೆ ಒಂದು ಟಾಂಗಾ ನಿಂತಿತ್ತು. ಅದರಲ್ಲಿ ಗೋಪಿಕಾಬಾಯಿಯವರು, ಪಕ್ಕದಲ್ಲಿ ಇಂದಿರಾ. ನಾನು ತಂಬಿಗೆ ಸಮೇತ ನಮಸ್ಕಾರ ಮಾಡಿದೆ.

ಮನೆಯಲ್ಲಿ ಅವರು ನೀರನ್ನೂ ಮುಟ್ಟಲಿಲ್ಲ.

"ಮೋಟಾರಿಗಂತ ತಂದಾನರಿ, ಆಣಿ ಮಾಡಿ ಹೇಳತೇನಿ," ಎಂದಳು ಅವ್ವ.

"ಮೋಟಾರ ಪೆಟ್ರೋಲ ಕುಡೀತಾವ, ಭಾಗೀರಥಿಬಾಯಿ. ಸಾರಾಯಿ ಕುಡಿಯೂ ಮೋಟಾರ ನಾ ಎಲ್ಲೂ ಕೇಳಿಲ್ಲ. ನಾಳಿಗೇ ನಾವು ಹೊರಡತೇವಿ."

ಸಾಕ್ಷಿಗೆ ಮಹಾಲಿಂಗಪ್ಪನವರನ್ನು ಕರೆಯುವಂತೆಯೂ ಇರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಆಚಾರವಂತರು ಸಾರಾಯಿ ತುಂಬಿದ ಮೋಟಾರಿನಲ್ಲಿ ಕೂರುವರೇ ಎಂದು ಹೆದರಿ ಅವರಿಗೂ ನಾನು ಹೇಳಿರಲಿಲ್ಲ. ಆ ರಾತ್ರಿಯೇ ಔಡಲೆಣ್ಣೆಗೆ ಸಾರಾಯಿ ಬೆರೆಸಿ ಬ್ರೇಕಿಗೆ ತುಂಬಿದೆ. ಇಂದಿರಾ ಕೈ ತಪ್ಪಿದಳೆಂದು ಸಂಕಟವಾಗುತ್ತಿತ್ತು.

ಮರುದಿನ ಟಾಂಗಾ ಸಿಗಲಿಲ್ಲ, ಯಲವಿಗಿಗೆ ಹೊರಟದ್ದು ಮಹಾಲಿಂಗಪ್ಪನವರ ಮೋಟಾರೊಂದೇ. ರೈಲಿನಲ್ಲಿ ಹಾವೇರಿಗೆ ಹೋಗಿ, ಅಲ್ಲಿಂದ ಹಾನಗಲ್ಲು ಸೇರುವುದು ತಾಯಿ ಮಗಳ ಲೆಕ್ಕ. ಎಲೆಯ ಪೆಂಡಿಗಳ ನಡುವೆ ಅವರು ಹಿಂದೆ ಕೂತರು, ಮಹಾಲಿಂಗಪ್ಪನವರು ನನ್ನ ಪಕ್ಕದಲ್ಲಿ. ನನ್ನನ್ನು ಬಿಟ್ಟುಹೋಗುವವರನ್ನು ನಾನೇ ಮುಟ್ಟಿಸಲು ಹೊರಟೆ.

ಯಲವಿಗಿ ಇನ್ನೇನು ಬಂತು ಎನ್ನುವಾಗ ಎಮ್ಮೆಗಳು ಅಡ್ಡ ಬಂದವು. ಬ್ರೇಕು ಒತ್ತಿದೆ. ಮೋಟಾರು ಕಂಬ ನೆಟ್ಟಂತೆ ನಿಂತಿತು. ಮೀಸೆ ತಿರುವಿ ಹಿಂದಕ್ಕೆ ನೋಡಿದೆ. ಎಮ್ಮೆಗಳು ಹೋದವು. ಮೋಟಾರು ಹೋಗಲಿಲ್ಲ. ಗೇರು ಹಾಕಿದರೆ ನರಳಿತು, ಚಕ್ರ ತಿರುಗಲಿಲ್ಲ.

"ನನ್ನ ಎಲಿ ಬಾಡಾಕತ್ತಾವೋ ವಿಠ್ಠಲಾ!" ಎಂದರು ಮಹಾಲಿಂಗಪ್ಪನವರು.

ಕೆಳಗೆ ನುಸುಳಿದೆ. ಮೊದಲು ನೋಡಿದ್ದು ನಾನು ಬಿಡಿಸಿದ ಸ್ಪ್ರಿಂಗಿನ ಪಿನ್ನುಗಳನ್ನು. ಅವು ಬಲು ಚೆನ್ನಾಗಿದ್ದವು, ಅವುಗಳಿಗೂ ಚಕ್ರ ಹಿಡಿದದ್ದಕ್ಕೂ ಸಂಬಂಧವಿರಲಿಲ್ಲ. ಆಮೇಲೆ ಹೊಳೆಯಿತು. ಬ್ರೇಕಿನ ಪೆಡಲಿಗೆ ಒಂದಿಷ್ಟು ಸಡಿಲು ಬಿಡಬೇಕು, ಇಲ್ಲದಿದ್ದರೆ ಒತ್ತಿದ ಎಣ್ಣೆ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ. ಕೆಲಸ ಗಟ್ಟಿಯಾಗಲೆಂದು ನಾನು ಅದನ್ನು ಪೂರ್ತಿ ಬಿಗಿದಿದ್ದೆ. ಗ್ಯಾರೇಜಿನಲ್ಲಿ ಕಲಿಯದೆ ಬಿಟ್ಟುಬಂದ ಅರ್ಧದಲ್ಲಿ ಇದೂ ಒಂದು.

ಚಕ್ರದ ಹಿಂದಿನ ಸಣ್ಣ ತಿರುಪು ಬಿಚ್ಚಿದೆ. ಒಳಗಿನದು ಚಿಮ್ಮಿ ಮುಖಕ್ಕೆಲ್ಲ ಹೊಡೆಯಿತು, ಬಾಯಿಗೂ ಹೋಯಿತು. ಚಕ್ರಗಳು ಸಡಿಲಾದವು. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿ ಹೊರಟುಹೋಯಿತು.

ಎದ್ದು ನಿಂತಾಗ ಗೋಪಿಕಾಬಾಯಿಯವರು ಮುಂದೆಯೇ ಇದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನೋಡ್ರಿ, ಮತ್ತ ಸಾರಾಯಿ ನಾರಾಕತ್ತಾನ!" ಎಂದವರು ಸೆರಗು ತೆಗೆದು ಮತ್ತೊಮ್ಮೆ ಮೂಸಿದರು. "ತಡೀರಿ. ಇದು ಔಡಲೆಣ್ಣಿ ಅಲ್ಲೇನು?"

"ಹೌದ್ರಿ. ಎರಡೂ ಕೂಡಿಸಿ ಬ್ರೇಕಿಗೆ ಹಾಕೇನ್ರಿ," ಎಂದು ಉಗುಳಿದೆ.

ಅವರು ತಮ್ಮ ಎರಡೂ ಕೈ ತೋರಿಸಿದರು. "ಹುಡುಗರಿಗೆ ಔಡಲೆಣ್ಣಿ ಕುಡಿಸಿ ಕುಡಿಸಿ ನನ್ನ ಕೈ ಸೋತಾವ. ಇದನ್ನ ಬೆರಸಿ ಸಾರಾಯಿ ಕುಡಿಯೂ ಕುಡುಕ ಯಾವ ಊರಾಗೂ ಇರಾಕಿಲ್ಲ ಬಿಡ್ರಿ."

ಗುಟ್ಟು ರಟ್ಟಾಯಿತು. ನಾನು ಹೆದರಿ ಮಹಾಲಿಂಗಪ್ಪನವರ ಕಡೆ ನೋಡಿದೆ. ಅವರು ಒಮ್ಮೆ ಕೊರಳ ಲಿಂಗ ಮುಟ್ಟಿಕೊಂಡರು, ಒಮ್ಮೆ ಎಲೆಯ ಪೆಂಡಿ ನೋಡಿದರು. "ಮೋಟಾರ ಕುಡದ್ರ ಕುಡೀಲಿ, ನಾವು ಕುಡೀಲಿಲ್ಲಲ್ಲ! ಈ ಎಲಿ ಒಣಗೂದರಾಗ ಊರಿಗೆ ನಡಿ."

ಆಗ ಇಂದಿರಾ ಮೋಟಾರಿನೊಳಗಿಂದಲೇ ಹೇಳಿದಳು: "ಅವ್ವಾ, ಇವರಿಗೆ ಕೆಲಸ ಬರೂದುಲ್ಲ ಖರೆ. ಆದ್ರ ಸುಳ್ಳ ಹೇಳೂದೂ ಬರೂದುಲ್ಲ ನೋಡು."

ನನ್ನ ಇಡೀ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸಾರಾಯಿ ಹೋಗಿ ಉರಿಯುತ್ತಿದೆ ಎಂದು ಒರೆಸಿಕೊಂಡೆ.

ಆ ಮಾಘದಲ್ಲಿ ಲಗ್ನವಾಯಿತು. ಇಂದಿಗೂ ಯಾರಾದರೂ ಬ್ರೇಕು ಮಾಡಿಸಲು ಬಂದರೆ, "ಪೆಡಲ ಸಡ್ಲ ಬಿಟ್ಟೀರಿಲ್ಲೋ?" ಎಂದು ಅಡಿಗೆಮನೆಯಿಂದ ಕೂಗು ಬರುತ್ತದೆ. ಬಿಟ್ಟೇನಿ ಎನ್ನುತ್ತೇನೆ. ಅಂದು ಬಿಟ್ಟಿದ್ದರೆ ಅವರಿಗೆ ಆ ರೈಲು ಸಿಗುತ್ತಿತ್ತು, ನಾನು ಕೆಲಸ ಬಲ್ಲ ಮೆಕ್ಯಾನಿಕ್ ಎನಿಸಿಕೊಂಡು ಒಬ್ಬನೇ ಮುದುಕನಾಗುತ್ತಿದ್ದೆ.